ಬಟ್ಲರ್ ಮನೆಯ ಸಕ್ಕರೆ ಬುಡ್ಡಿ

೧೯೭೯ನೇ ಇಸವಿ. ಆಗ ನಾನು ಮುಳಬಾಗಿಲಿನಲ್ಲಿ ವಕೀಲಿ ಮಾಡುತ್ತಿದ್ದೆ. ಮನೆ ಕೋಲಾರದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಬಸ್ಸು ಹಿಡಿದು ಬರುವುದು. ನನ್ನ ಕೈಯಲ್ಲಿದ್ದ ಕೇಸುಗಳಲ್ಲಿ ಹೆಚ್ಚಿನವು ವಿಭಾಗದ ದಾವೆಗಳು, ಅಂದರೆ ಆಸ್ತಿ ಪಾಲು ಮಾಡಿಕೊಡಿ ಎಂದು ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಹಾಕುವ ದಾವೆಗಳು. ಇವುಗಳಲ್ಲಿ ಯಾರಿಗೆ ಎಷ್ಟು ಪಾಲು ಎಂಬುದನ್ನು ಕೋರ್ಟು ಮೊದಲು ತೀರ್ಮಾನಿಸುತ್ತದೆ. ಅದಕ್ಕೆ ಪ್ರಿಲಿಮಿನರಿ ಡಿಕ್ರಿ ಎನ್ನುತ್ತಾರೆ. ಆಮೇಲೆ ಸ್ಥಳಕ್ಕೆ ಹೋಗಿ, ಅಳೆದು, ಹಂಚಿ, ವರದಿ ಕೊಡಲು ಒಬ್ಬ ವಕೀಲನನ್ನು ಕಮಿಷನರ್ ಎಂದು ನೇಮಿಸುತ್ತದೆ. ಹೆಸರು ಭಾರಿ. ಕೆಲಸ ಮಾತ್ರ ಬಿಸಿಲಲ್ಲಿ ನಿಂತು ಎರಡೂ ಕಡೆಯವರಿಂದ ಬೈಸಿಕೊಳ್ಳುವುದು.

ಆ ವರ್ಷ ನನಗೆ ಬಂದದ್ದು ಬೈರಕೂರು ಹೋಬಳಿಯ ಒಂದು ಹಳ್ಳಿಯ ದಾವೆ. ಅಣ್ಣ ಚೌಡಪ್ಪ, ತಮ್ಮ ನಾರಾಯಣಪ್ಪ. ಊರಿನವರು ಅವರ ಮನೆಯನ್ನು ಬಟ್ಲರ್ ಮನೆ ಎಂದೇ ಕರೆಯುತ್ತಿದ್ದರು. ಅವರ ತಂದೆ ಮುನಿಸ್ವಾಮಪ್ಪ ಪ್ರಾಯದಲ್ಲಿ ಚಿನ್ನದ ಗಣಿಯ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದವರು. ದೊರೆ ತನ್ನ ದೇಶಕ್ಕೆ ಹೊರಟಾಗ ಊಟದ ಮೇಜಿನ ಸಾಮಾನನ್ನೆಲ್ಲ ಒಂದು ತೇಗದ ಪೆಟ್ಟಿಗೆಗೆ ತುಂಬಿ ಇವರ ಕೈಗಿತ್ತು ಹೋಗಿದ್ದ. ಮುನಿಸ್ವಾಮಪ್ಪ ಊರಿಗೆ ಬಂದು ರಾಗಿ, ಹಿಪ್ಪುನೇರಳೆ ಬೆಳೆದುಕೊಂಡು ಇದ್ದರು. ಪೆಟ್ಟಿಗೆಯ ಸಾಮಾನು ಮಾತ್ರ ಅಟ್ಟ ಸೇರಲಿಲ್ಲ, ಮನೆಬಳಕೆಗೆ ಬಂತು. ಬ್ರೆಡ್ಡಿನ ಹೋಳು ನಿಲ್ಲಿಸುವ ಟೋಸ್ಟ್ ರ್ಯಾಕಿನಲ್ಲಿ ವೀಳ್ಯದೆಲೆ, ಮೊಟ್ಟೆ ಇಡುವ ಪುಟ್ಟ ಬಟ್ಟಲುಗಳಲ್ಲಿ ಅರಿಶಿನ ಕುಂಕುಮ, ಮಾಂಸದ ಸಾರು ಬಡಿಸುವ ಮೂತಿಪಾತ್ರೆಯಲ್ಲಿ ದೇವರ ದೀಪಕ್ಕೆ ಎಣ್ಣೆ. ಆ ದೊರೆ ನೋಡಿದ್ದರೆ ಏನನ್ನುತ್ತಿದ್ದನೋ ಗೊತ್ತಿಲ್ಲ, ನನಗಂತೂ ಬಹಳ ಹಿಡಿಸಿತು.

ಒಂದು ವಸ್ತು ಮಾತ್ರ ತಾನು ಹುಟ್ಟಿದ ಕೆಲಸವನ್ನೇ ಮಾಡುತ್ತಿತ್ತು. ಅದು ಸಕ್ಕರೆ ಉದುರಿಸುವ ಬೆಳ್ಳಿಯ ಬುಡ್ಡಿ. ಇಂಗ್ಲಿಷಿನಲ್ಲಿ ಅದಕ್ಕೆ ಶುಗರ್ ಕ್ಯಾಸ್ಟರ್ ಅನ್ನುತ್ತಾರಂತೆ. ಒಂದು ಗೇಣೆತ್ತರ, ಉಬ್ಬಿದ ಹೊಟ್ಟೆ, ಮೇಲೆ ಗೋಪುರದಂಥ ಮುಚ್ಚಳ, ಮುಚ್ಚಳದ ತುಂಬ ಬಳ್ಳಿಯ ಆಕಾರದಲ್ಲಿ ಕೊರೆದ ಸಣ್ಣ ತೂತುಗಳು. ಬಲಕ್ಕೆ ಸ್ವಲ್ಪ ತಿರುಗಿಸಿ ಎತ್ತಿದರೆ ಮುಚ್ಚಳ ಕೈಗೆ ಬರುತ್ತಿತ್ತು. ಸುತ್ತಿನ ಹಳ್ಳಿಗಳಲ್ಲಿ ಯಾವ ಮದುವೆಯಾದರೂ ಬೀಗರ ಪಂಕ್ತಿಗೆ, ಅಂದರೆ ಗಂಡಿನ ಕಡೆಯ ಹಿರಿಯರು ಕೂರುವ ಸಾಲಿಗೆ, ಮುನಿಸ್ವಾಮಪ್ಪ ಬರಲೇಬೇಕು. ಬಿಸಿ ಒಬ್ಬಟ್ಟು ಎಲೆಗೆ ಬೀಳುತ್ತದೆ, ಮೇಲೆ ತುಪ್ಪ ಬೀಳುತ್ತದೆ, ಅದರ ಹಿಂದೆಯೇ ಬಿಳಿ ರುಮಾಲು ಸುತ್ತಿದ ಮುನಿಸ್ವಾಮಪ್ಪ ಎಡಗೈ ಬೆನ್ನಿಗೆ ಕಟ್ಟಿಕೊಂಡು ಬಗ್ಗಿ, ಬುಡ್ಡಿಯನ್ನು ಎರಡು ಸಲ ಕೊಡವಿ, ಒಬ್ಬಟ್ಟಿನ ಮೇಲೆ ತೆಳ್ಳಗೆ ಸಕ್ಕರೆ ಪುಡಿ ಉದುರಿಸುತ್ತಾರೆ. ಬಟ್ಲರ್ ಸಕ್ಕರೆ ಬೀಳದ ಮದುವೆ ಮದುವೆಯೇ ಅಲ್ಲ ಅನ್ನುವಷ್ಟು ಅದು ಬೇರೂರಿತ್ತು. ಆ ಸಕ್ಕರೆಯನ್ನು ಒರಳಲ್ಲಿ ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ತುಂಬುತ್ತಿದ್ದವರು ಅವರ ಹೆಂಡತಿ ಅಕ್ಕಯ್ಯಮ್ಮ.

ಮುನಿಸ್ವಾಮಪ್ಪ ತೀರಿಕೊಂಡ ಮೇಲೆ ಈ ಮರ್ಯಾದೆ ಹಿರಿಮಗನಿಗೆ ಬಂತು. ಚೌಡಪ್ಪ ಕೆಲವು ವರ್ಷ ಚೆನ್ನಾಗಿಯೇ ನಡೆಸಿದ. ಒಂದು ಸಲ ಅವನು ಜ್ವರ ಬಂದು ಮಲಗಿದಾಗ ನಾರಾಯಣಪ್ಪ ಬುಡ್ಡಿ ಹಿಡಿದು ಹೋದ. ಪಂಕ್ತಿಯಲ್ಲಿದ್ದ ಯಾರೋ ಮುದುಕರು, ‘ಥೇಟ್ ಅಪ್ಪನ ಕೈಯೇ ಕಣಯ್ಯ ನಿಂದು’ ಎಂದುಬಿಟ್ಟರು. ಆ ಪುಣ್ಯಾತ್ಮರು ತೃಪ್ತಿಯಾಗಿ ಒಬ್ಬಟ್ಟು ತಿಂದು ಎದ್ದು ಹೋದರು, ಆ ಮಾತು ಮಾತ್ರ ಬಟ್ಲರ್ ಮನೆಯೊಳಗೆ ಬಂದು ಕೂತಿತು. ಅಲ್ಲಿಂದ ಒಲೆ ಬೇರೆಯಾಯಿತು, ಆಮೇಲೆ ದಾವೆಯಾಯಿತು.

ಜಮೀನಿನ ವಿಷಯದಲ್ಲಿ ಅಂಥ ತೊಂದರೆಯಾಗಲಿಲ್ಲ. ಸರ್ವೆಯವರು ಅಳೆದರು, ಕಲ್ಲು ನೆಟ್ಟೆವು. ಬಾವಿಯ ನೀರಿಗೆ ಸರದಿ ಗೊತ್ತು ಮಾಡಿದೆವು. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಮನೆ, ದನಕರು ಎಲ್ಲ ಮುಗಿಯಿತು. ಇನ್ನೇನು ವರದಿ ಬರೆದು ಕೈ ತೊಳೆದುಕೊಳ್ಳುತ್ತೇನೆ ಅಂದುಕೊಳ್ಳುವಾಗ ಚೌಡಪ್ಪ, ‘ಇನ್ನು ಪೆಟ್ಟಿಗೆ ಐತಲ್ಲ ಸಾರ್’ ಎಂದ.

ಜಗಲಿಯ ಮೇಲೆ ಚಾಪೆ ಹಾಸಿ ಎಲ್ಲವನ್ನೂ ಹರಡಿದರು. ನಾನು ನನ್ನ ಬುದ್ಧಿಗೆ ತೋಚಿದಂತೆ, ಒಬ್ಬರಿಗೆ ಟೀ ಪಾತ್ರೆ, ಇನ್ನೊಬ್ಬರಿಗೆ ಹಾಲಿನ ಪಾತ್ರೆ ಮತ್ತು ತಟ್ಟೆಗಳು ಎಂದು ಹೇಳಿದೆ. ಇಬ್ಬರೂ ತಲೆ ಅಲ್ಲಾಡಿಸಿದರು. ಪ್ರತಿಯೊಂದರಲ್ಲೂ ಅರ್ಧ ಬೇಕಂತೆ. ಕಪ್ಪು ಒಬ್ಬನಿಗೆ, ಅದರ ಸಾಸರು ಇನ್ನೊಬ್ಬನಿಗೆ. ಚಾಕು ಇತ್ತ, ಅದರ ಜೋಡಿಯ ಫೋರ್ಕು ಅತ್ತ. ‘ಸಾಸರು ಇಲ್ಲದ ಕಪ್ಪು ಇಟ್ಕೊಂಡು ಏನಯ್ಯಾ ಮಾಡ್ತೀಯ?’ ಎಂದು ಕೇಳಿದೆ. ‘ಏನೋ ಒಂದ್ ಮಾಡ್ತೀನಿ ಸಾರ್. ಅವ್ನ ತಾವ ಪೂರ್ತಿ ಇರ್ಬಾರ್ದು, ಅಷ್ಟೇಯ’ ಎಂದ ನಾರಾಯಣಪ್ಪ. ಅಣ್ಣ ಅದಕ್ಕೆ ಹೌದು ಹೌದು ಎಂದು ತಲೆದೂಗಿದ. ನನಗೆ ತಲೆ ಚಿಟ್ಟು ಹಿಡಿದು ಹೋಯಿತು. ಎದ್ದು ಬಸ್ಸು ಹತ್ತಿಬಿಡೋಣ ಅನ್ನಿಸಿತು. ಹಲ್ಲು ಕಚ್ಚಿಕೊಂಡು ಕಪ್ಪು ಸಾಸರುಗಳನ್ನು ಅವರು ಹೇಳಿದ ಹಾಗೆಯೇ ಬೇರೆ ಬೇರೆ ಗುಂಪು ಮಾಡಿಸಿದೆ.

ಕೊನೆಗೆ ಚಾಪೆಯ ಮೇಲೆ ಉಳಿದದ್ದು ಸಕ್ಕರೆ ಬುಡ್ಡಿ. ಅಲ್ಲಿಯವರೆಗೆ ಬಾಗಿಲಿಗೆ ಒರಗಿ ಸುಮ್ಮನೆ ಕೂತಿದ್ದ ಅಕ್ಕಯ್ಯಮ್ಮ ಆಗ ಬಾಯಿ ತೆರೆದರು. ‘ಸಾಮಿ, ಮುಂದಿನ ವೈಶಾಖಕ್ಕೆ ಶ್ರೀನಿವಾಸಪುರದಾಗೆ ನಮ್ ರತ್ನಮ್ಮನ್ ಮಗಳ ಮದ್ವೆ. ನನ್ ಮಗಳ ಮಗಳು. ಅವ್ಳ ಬೀಗರ ಪಂಕ್ತಿಗೆ ಬುಡ್ಡಿ ಬರ್ಬೇಕು. ಯಾರಾನಾ ತರ್ಲಿ, ನಂಗೆ ಬೇರೆ ಏನೂ ಬೇಡ.’

ಕಾನೂನಿನ ಪ್ರಕಾರ ಆಕೆ ಬೇರೆ ಏನಾದರೂ ಬೇಕು ಅನ್ನಬಹುದಿತ್ತು. ಗಂಡನ ಆಸ್ತಿಯಲ್ಲಿ ವಿಧವೆಗೂ ಪಾಲಿದೆ. ಆದರೆ ದಾವೆಯ ಶುರುವಿನಲ್ಲೇ ಅಕ್ಕಯ್ಯಮ್ಮ, ಇಬ್ಬರೂ ನನ್ನ ಮಕ್ಕಳೇ, ನನಗ್ಯಾಕೆ ಪಾಲು ಎಂದು ಹೆಬ್ಬೆಟ್ಟು ಒತ್ತಿ ಬಿಟ್ಟುಕೊಟ್ಟಿದ್ದರು. ರತ್ನಮ್ಮನೂ ತವರಿನ ಅರಿಶಿನ ಕುಂಕುಮ ಸಾಕು ಎಂದು ಸಹಿ ಹಾಕಿದ್ದಳು. ನಮ್ಮ ಕಡೆ ಹೆಣ್ಣುಮಕ್ಕಳು ಹೀಗೆಯೇ. ಅವರ ಒಳ್ಳೆಯತನ ನೋಡಿದರೆ ಒಮ್ಮೊಮ್ಮೆ ಸಿಟ್ಟೇ ಬರುತ್ತದೆ.

ನಾನು ಅಣ್ಣತಮ್ಮಂದಿರ ಮುಂದೆ ಒಂದೊಂದಾಗಿ ದಾರಿ ಇಟ್ಟೆ. ಒಂದು ವರ್ಷ ನಿನಗೆ, ಒಂದು ವರ್ಷ ಅವನಿಗೆ ಎಂದೆ. ಮದುವೆ ಹೆಚ್ಚು ಇರುವ ವರ್ಷ ಯಾರಿಗೆ ಎಂದು ಜಗಳ. ಚೀಟಿ ಎತ್ತೋಣ ಎಂದೆ. ಸೋತವನು ಊರಲ್ಲಿ ತಲೆ ಎತ್ತಿಕೊಂಡು ತಿರುಗುವುದು ಹೇಗೆ ಎಂದರು. ಅಮ್ಮ ಇರುವವರೆಗೆ ಅಮ್ಮನ ಹತ್ತಿರ ಇರಲಿ ಎಂದೆ. ‘ಅಮ್ಮ ಯಾರ ಮನ್ಯಾಗಿದ್ರೆ ಬುಡ್ಡಿ ಅವ್ರದೇ ಆಯ್ತದಲ್ಲ ಸಾರ್’ ಎಂದು ಚೌಡಪ್ಪ ಥಟ್ಟನೆ ಕಂಡುಹಿಡಿದ. ಇಷ್ಟು ಚುರುಕು ಬುದ್ಧಿಯನ್ನು ಹುಳು ಸಾಕಣೆಯಲ್ಲಿ ತೋರಿಸಿದ್ದರೆ ಮನುಷ್ಯ ಎಲ್ಲಿಗೋ ಮುಟ್ಟುತ್ತಿದ್ದ.

ಇಂಥ ವಸ್ತುಗಳನ್ನು ಬಲ್ಲವರು ಯಾರಾದರೂ ನೋಡಲಿ ಎಂದು, ಇಬ್ಬರ ಒಪ್ಪಿಗೆ ಪಡೆದು, ಬುಡ್ಡಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮಾಲೂರಿಗೆ ಹೋದೆ. ಅಲ್ಲಿ ನನಗೆ ಪರಿಚಯದ ಒಬ್ಬ ನಿವೃತ್ತ ಡಾಕ್ಟರು ಇದ್ದರು. ಹಳೆಯ ಇಂಗ್ಲಿಷ್ ಊಟದ ಸಾಮಾನು ಕೂಡಿಸುವ ಹುಚ್ಚು ಅವರಿಗೆ. ಬಂಗಲೆಗಳ ಹರಾಜುಗಳಿಗೆ ಹೋಗಿ ತರುತ್ತಿದ್ದರು. ಗಾಜಿನ ಬೀರುವಿನಲ್ಲಿ ಸಕ್ಕರೆ ಬುಡ್ಡಿಗಳೇ ಒಂದು ಸಾಲು ಇದ್ದವು. ಸುಮ್ಮನೆ ಇಟ್ಟು ನೋಡುವ ಜಾತಿಯೂ ಅಲ್ಲ ಅವರದು. ದಿನಾ ಬೆಳಿಗ್ಗೆ ಒಂದೊಂದನ್ನು ಸರದಿಯ ಮೇಲೆ ತೆಗೆದು ಪರಂಗಿ ಹಣ್ಣಿನ ಹೋಳಿಗೆ ಸಕ್ಕರೆ ಉದುರಿಸಿಕೊಂಡು ತಿನ್ನುತ್ತಿದ್ದರು. ಬಳಸದಿದ್ದರೆ ತೂತು ಕಟ್ಟಿಕೊಳ್ಳುತ್ತದೆ ಎನ್ನುತ್ತಿದ್ದರು.

ಟವೆಲು ಬಿಚ್ಚಿದ ಕೂಡಲೇ ಅವರ ಮುಖ ಅರಳಿತು. ಭೂತಕನ್ನಡಿ ಹಿಡಿದು ಬುಡದಲ್ಲಿದ್ದ ಪುಟ್ಟ ಮುದ್ರೆಗಳನ್ನು ತೋರಿಸಿದರು. ಸಿಂಹ ಇದ್ದರೆ ಅಪ್ಪಟ ಬೆಳ್ಳಿ, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಪರೀಕ್ಷೆಯಾದದ್ದು ಎಂದು ಲೆಕ್ಕ. ಮುಚ್ಚಳದ ಅಂಚಿನಲ್ಲೂ ಸಿಂಹ ಇತ್ತು. ‘ಎರಡನ್ನೂ ಒಬ್ಬನೇ ಕೂತು ಮಾಡಿರೋದು. ಜೋಡಿ ಕೆಡದೆ ಇಷ್ಟು ವರ್ಷ ಉಳಿದಿರೋದು ಅಪರೂಪ. ಯಾರೋ ಬರೀ ವಿಭೂತೀಲಿ ಉಜ್ಜಿದ್ದಾರೆ, ಒಂದು ಗೀರಿಲ್ಲ ನೋಡಿ’ ಎಂದರು. ಆಮೇಲೆ ಅವರೇ ಒಂದು ಉಪಾಯ ಹೇಳಿದರು. ಅವರ ಬೀರುವಿನಲ್ಲಿ ಬೆಳ್ಳಿ ಲೇಪದ ಎರಡು ಬುಡ್ಡಿಗಳಿದ್ದವು, ನೋಡಲು ಇದೇ ಆಕಾರ. ಅವೆರಡನ್ನೂ ಅಣ್ಣತಮ್ಮಂದಿರಿಗೆ ಒಂದೊಂದು ಕೊಡುವುದು, ಇದನ್ನು ತಾವಿಟ್ಟುಕೊಳ್ಳುವುದು, ಮೊಮ್ಮಗಳ ಮದುವೆಗೆ ತಾವೇ ಇದನ್ನು ಕಳಿಸಿಕೊಡುವುದು. ಇದಕ್ಕಿಂತ ಸರಿಯಾದ ಮಾತನ್ನು ಆ ದಾವೆಯಲ್ಲಿ ಯಾರೂ ಆಡಿರಲಿಲ್ಲ. ನಾನು ಖುಷಿಯಿಂದ ಹಳ್ಳಿಗೆ ಓಡಿದೆ.

ಇಬ್ಬರೂ ಜಗ್ಗಲಿಲ್ಲ. ‘ನಮ್ಮಪ್ಪನ್ ಕೈ ಬಿದ್ದಿರೋದು ಬೇಕು ಸಾರ್. ಅಂಗಡಿ ಸಾಮಾನು ಯಾಕೆ?’ ಎಂದ ಚೌಡಪ್ಪ. ಹೇಳಿದವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ತಮ್ಮನೂ ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡ. ಇಷ್ಟು ಪ್ರೀತಿ ಇಟ್ಟುಕೊಂಡು ಇಷ್ಟು ಹಟ ಮಾಡುವವರನ್ನು ಏನು ಮಾಡುವುದು ಹೇಳಿ. ಬರೀ ದುರಾಸೆಯವರಾಗಿದ್ದರೆ ಬೈದು ಸರಿ ಮಾಡಬಹುದಿತ್ತು.

ಉಳಿದದ್ದು ಒಂದೇ ದಾರಿ. ಅಕ್ಕಯ್ಯಮ್ಮನನ್ನು ಹಿತ್ತಲಿಗೆ ಕರೆದು ಹೇಳಿದೆ: ‘ಅಮ್ಮಾ, ಜಮೀನು ಬಿಟ್ಟಿರಿ, ಬಿಡಿ. ಈ ಬುಡ್ಡಿ ನನಗೆ ಬೇಕು ಅಂತ ಒಂದು ಮಾತು ಹೇಳಿ ಸಾಕು. ನಾನು ವರದಿಯಲ್ಲಿ ಬರೀತೀನಿ, ಕೋರ್ಟು ನಿಮಗೆ ಕೊಡುತ್ತೆ. ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ.’

ಆಕೆ ತಲೆ ಅಲ್ಲಾಡಿಸಿದರು. ‘ಬೇಡ ಸಾಮಿ. ನಾನು ಕೇಳಿದ್ರೆ ಇಬ್ಬರ ಕೈಯಿಂದ ಕಿತ್ಕೊಂಡಂಗಾಯ್ತದೆ. ಇವತ್ತು ಅವರವರಲ್ಲಿ ಜಗಳ. ನಾಳೆ ನನ್ ಮೇಲೂ ಮುನಿಸ್ಕೊಂತಾರೆ. ಅವ್ರೇ ಸರಿ ಹೋಗ್ತಾರೆ ಬುಡಿ’ ಎಂದರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಆ ಮನೆಯಲ್ಲಿ ಹಟ ಎಲ್ಲಿಂದ ಬಂತು ಎಂದು ಆಗ ಗೊತ್ತಾಯಿತು.

ಮುಂದಿನ ಕೋರ್ಟಿನ ತಾರೀಕಿಗೆ ನಾರಾಯಣಪ್ಪನ ವಕೀಲರು ಎದ್ದು ನಿಂತು, ತಮ್ಮ ಕಕ್ಷಿದಾರರು ಒಂದು ಸಲಹೆ ಕೊಡುತ್ತಿದ್ದಾರೆ ಎಂದರು. ಮುಚ್ಚಳ ಒಬ್ಬರಿಗೆ, ಬುಡ ಒಬ್ಬರಿಗೆ. ನಾನು ತಮಾಷೆ ಅಂದುಕೊಂಡೆ. ಅಷ್ಟರಲ್ಲಿ ಚೌಡಪ್ಪ ತನ್ನ ವಕೀಲರ ಅಂಗಿ ಜಗ್ಗಿ, ಒಪ್ಪಿಗೆ ಐತೆ ಅನ್ನಿ ಸಾರ್ ಎಂದು ಪಿಸುಗುಟ್ಟಿದ್ದು ಕೋರ್ಟಿಗೆಲ್ಲ ಕೇಳಿಸಿತು. ಎರಡು ವರ್ಷದ ದಾವೆಯಲ್ಲಿ ಅವರಿಬ್ಬರೂ ಮೊದಲ ಸಲ ಒಂದು ವಿಷಯಕ್ಕೆ ಒಪ್ಪಿದ್ದರು. ಜಂಟಿ ಮೆಮೊ, ಅಂದರೆ ಇಬ್ಬರೂ ಸಹಿ ಮಾಡಿದ ಒಪ್ಪಿಗೆಯ ಪತ್ರ, ಅಲ್ಲೇ ತಯಾರಾಯಿತು. ನಾನು ಎದ್ದು, ಇದರಿಂದ ವಸ್ತುವೇ ಹಾಳಾಗುತ್ತದೆ ಎಂದು ಹೇಳಿದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ. ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ನೋಡಿ, ‘ಇಬ್ಬರೂ ಒಪ್ಪಿದ ಮೇಲೆ ನಾನು ಬೇಡ ಅನ್ನೋದಕ್ಕೆ ಯಾವ ಕಾನೂನಿದೆ ಕಮಿಷನರೇ?’ ಎಂದು ಕೇಳಿದರು. ಯಾವುದೂ ಇರಲಿಲ್ಲ.

ಹಂಚುವ ಕೆಲಸ ನನ್ನದೇ. ಕಾರ್ತಿಕ ಮಾಸದ ಒಂದು ಮಧ್ಯಾಹ್ನ ಅದೇ ಜಗಲಿಯಲ್ಲಿ ಕೂತು, ಮುಚ್ಚಳವನ್ನು ಬಲಕ್ಕೆ ತಿರುಗಿಸಿ ಎತ್ತಿದೆ. ಒಳಗಿನ ಅಂಚಿನಲ್ಲಿ ಯಾವುದೋ ಹಳೆಯ ಮದುವೆಯ ಸಕ್ಕರೆ ಇನ್ನೂ ಸ್ವಲ್ಪ ಅಂಟಿಕೊಂಡಿತ್ತು. ಮುಚ್ಚಳ ಚೌಡಪ್ಪನ ಕೈಗೆ ಕೊಟ್ಟೆ, ಬುಡ ನಾರಾಯಣಪ್ಪನ ಕೈಗೆ ಕೊಟ್ಟೆ, ಇಬ್ಬರಿಂದಲೂ ರಸೀದಿ ಪಡೆದೆ. ಅಕ್ಕಯ್ಯಮ್ಮ, ‘ಏಮಿ ಖರ್ಮಮ್ರಾ ನಾಯನಾ ಇದಿ’ ಎಂದರು, ಇದೆಂಥ ಕರ್ಮವಪ್ಪಾ ಎಂದು. ಗಡಿಯ ಕಡೆಯ ನಮ್ಮ ಜನಕ್ಕೆ ತುಂಬ ಸಂಕಟವಾದಾಗ ಬಾಯಿಗೆ ಬರುವುದು ತೆಲುಗೇ. ಆಮೇಲೆ ನನ್ನ ಕಡೆ ತಿರುಗಿ, ‘ಬಿಚ್ಚೋಕೆ ಕೋರ್ಟಿನೋರು ಬಂದ್ರಿ. ಸೇರ್ಸೋಕೆ ಯಾರು ಬತ್ತಾರೆ ಸಾಮಿ?’ ಎಂದು ಕೇಳಿದರು.

ನನಗೂ ಒಂದು ಆಸೆಯಿತ್ತು. ವೈಶಾಖದಲ್ಲಿ ಆ ಇಬ್ಬರ ಸೋದರ ಸೊಸೆಯ ಮದುವೆ. ಮುಚ್ಚಳವಿಲ್ಲದೆ ಬುಡ ಕೆಲಸಕ್ಕೆ ಬಾರದು, ಬುಡವಿಲ್ಲದೆ ಮುಚ್ಚಳ ಕೆಲಸಕ್ಕೆ ಬಾರದು. ಅವತ್ತು ಒಂದು ದಿನಕ್ಕಾದರೂ ಇಬ್ಬರೂ ಸೇರಿ ಅದನ್ನು ಜೋಡಿಸಲೇಬೇಕು, ಜೋಡಿಸುವಾಗ ಒಂದು ಮಾತಾದರೂ ಆಡಲೇಬೇಕು. ಅಕ್ಕಯ್ಯಮ್ಮನಿಗೆ ಇದನ್ನೇ ಹೇಳಿ, ವೈಶಾಖದ ತನಕ ತಡಕೊಳ್ಳಿ ಎಂದು ಸಮಾಧಾನ ಮಾಡಿದೆ. ಆಕೆ ನಂಬಿದರು.

ಮದುವೆಗೆ ನನಗೂ ಕರೆ ಬಂತು. ೧೯೮೦ರ ಆ ಬೇಸಿಗೆಯಲ್ಲಿ ಶ್ರೀನಿವಾಸಪುರದಲ್ಲಿ ಎಲ್ಲಿ ನೋಡಿದರೂ ಮಾವಿನಕಾಯಿ ಗಾಡಿಗಳು. ರತ್ನಮ್ಮನ ಮನೆಯ ಮುಂದೆ ಚಪ್ಪರ ಹಾಕಿದ್ದರು. ಧಾರೆ ಮುಗಿದು ಬೀಗರ ಪಂಕ್ತಿ ಕೂತಿತು. ನಾನು ಕಂಬಕ್ಕೆ ಒರಗಿ ನಿಂತು ಕಾಯುತ್ತಿದ್ದೆ. ಒಬ್ಬಟ್ಟು ಬಂತು, ತುಪ್ಪ ಬಂತು. ಆಗ ಪಂಕ್ತಿಯ ಈ ತುದಿಯಿಂದ ಚೌಡಪ್ಪ ಹೊರಟ. ಬಿಳಿ ರುಮಾಲು, ಎಡಗೈ ಬೆನ್ನಿಗೆ, ಕೈಯಲ್ಲಿ ಸಕ್ಕರೆ ಬುಡ್ಡಿ. ನನ್ನ ಎದೆ ಹಗುರವಾಯಿತು. ಮರುಕ್ಷಣ ಆ ತುದಿಯಿಂದ ನಾರಾಯಣಪ್ಪ ಹೊರಟ. ಅದೇ ಬಿಳಿ ರುಮಾಲು, ಅದೇ ಎಡಗೈ ಬೆನ್ನಿಗೆ, ಅವನ ಕೈಯಲ್ಲೂ ಒಂದು ಸಕ್ಕರೆ ಬುಡ್ಡಿ.

ನಡೆದದ್ದು ಇಷ್ಟು. ಚೌಡಪ್ಪ ಒಂದು ಸಣ್ಣ ಹಿತ್ತಾಳೆ ಚೊಂಬು ಕೊಂಡು, ಅದರ ಬಾಯಿಗೆ ಬೆಳ್ಳಿ ಮುಚ್ಚಳವನ್ನು ಬೆಂಕಿಯಲ್ಲಿ ಬೆಸುಗೆ ಹಾಕಿಸಿಬಿಟ್ಟಿದ್ದ. ಸಕ್ಕರೆ ತುಂಬಲು ಚೊಂಬಿನ ತಳಕ್ಕೆ ತೂತು ಕೊರೆಸಿ ಬಿರಡೆ ಹಾಕಿದ್ದ. ಬೆಸುಗೆಯ ಕಾವಿಗೆ ಮುಚ್ಚಳದ ಅಂಚು ಕಪ್ಪಿಟ್ಟು, ಅಲ್ಲಿದ್ದ ಸಿಂಹ ಕರಗಿಹೋಗಿತ್ತು. ನಾರಾಯಣಪ್ಪ ತಗಡಿನ ಮುಚ್ಚಳ ಮಾಡಿಸಿ, ಮೊಳೆಯಲ್ಲಿ ತೂತು ಹೊಡೆಸಿ, ಅದು ಬೀಳದಿರಲಿ ಎಂದು ಬೆಳ್ಳಿ ಬುಡದ ಕುತ್ತಿಗೆಯನ್ನೇ ಕೊರೆಸಿ ಸುತ್ತಲೂ ಸ್ಕ್ರೂ ಬಿಗಿಸಿದ್ದ. ಒಬ್ಬರಿಗೊಬ್ಬರು ತಿಳಿಸದೆ ಇಬ್ಬರೂ ಒಂದೇ ಕೆಲಸ ಮಾಡಿದ್ದರು. ಪಂಕ್ತಿ ಮುಗಿದ ಮೇಲೆ ನಾನು ನಾರಾಯಣಪ್ಪನ ಬುಡ್ಡಿಯನ್ನು ಕೈಗೆ ತೆಗೆದುಕೊಂಡು, ‘ಇನ್ನು ಇವೆರಡು ಯಾವತ್ತೂ ಸೇರಲ್ವಲ್ಲಯ್ಯಾ’ ಎಂದೆ. ‘ಸೇರೋದ್ಯಾಕ್ ಸಾರ್? ಈಗ ನಂದು ಪೂರ್ತಿ ಐತಲ್ಲ’ ಎಂದ. ಅವನಿಗೆ ಕಪಾಳಕ್ಕೆ ಒಂದು ಬಾರಿಸಬೇಕು ಅನ್ನಿಸಿತು. ಬೀಗರಿಗೆ ಮಾತ್ರ ಭಾರಿ ಖುಷಿ. ಇಬ್ಬಿಬ್ಬರು ಬಟ್ಲರುಗಳ ಮರ್ಯಾದೆ ಯಾರ ಮದುವೆಯಲ್ಲಿ ಸಿಕ್ಕಿದೆ ಎಂದು ಮೀಸೆ ತಿರುವಿಕೊಂಡರು.

ಮುಂದಿನ ಪಂಕ್ತಿಯಲ್ಲಿ ಮನೆಯವರು ಕೂತರು. ಅಕ್ಕಯ್ಯಮ್ಮ ಮಗಳ ಪಕ್ಕದಲ್ಲಿದ್ದರು. ಒಬ್ಬಟ್ಟು ಬಡಿಸಿದರು, ತುಪ್ಪ ಬಡಿಸಿದರು. ಅಮ್ಮನ ಎಲೆಗೆ ಸಕ್ಕರೆ ಹಾಕುವುದು ಯಾರು? ಬಲಗಡೆಯಿಂದ ಚೌಡಪ್ಪ ಬಂದ, ಎಡಗಡೆಯಿಂದ ನಾರಾಯಣಪ್ಪ ಬಂದ. ಇಬ್ಬರೂ ಒಟ್ಟಿಗೆ ಬಗ್ಗಿದರು. ಅಕ್ಕಯ್ಯಮ್ಮ ಒಂದು ಕೈ ನೋಡಿದರು, ಇನ್ನೊಂದು ಕೈ ನೋಡಿದರು. ಹಿತ್ತಾಳೆ ಚೊಂಬನ್ನೂ ತಗಡಿನ ಮುಚ್ಚಳವನ್ನೂ ಆಕೆ ಹತ್ತಿರದಿಂದ ಕಂಡದ್ದು ಆಗಲೇ. ನಿಧಾನವಾಗಿ ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದು, ‘ನಂಗೆ ಬೇಡ ಕಣ್ರಪ್ಪಾ. ಸಾಕು’ ಎಂದರು. ಅಷ್ಟರಲ್ಲಿ ಇಬ್ಬರೂ ಬುಡ್ಡಿ ಕೊಡವಿ ಆಗಿತ್ತು. ಸಕ್ಕರೆ ಆಕೆಯ ಕೈಗಳ ಮೇಲೆ ಬಿತ್ತು. ಆಕೆ ಅದನ್ನು ಕೊಡವಿಕೊಳ್ಳಲಿಲ್ಲ. ಇಬ್ಬರೂ ಸರಿದು ಹೋಗುವವರೆಗೂ ಕೈ ತೆಗೆಯಲಿಲ್ಲ.

ಅವತ್ತು ಸಂಜೆ ಕೋಲಾರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾನು ಎಲ್ಲರನ್ನೂ ಮನಸ್ಸಿನಲ್ಲೇ ಬೈದೆ. ಅಣ್ಣನನ್ನು, ತಮ್ಮನನ್ನು, ಕೇಳಬೇಕಾದ್ದನ್ನು ಕೇಳದೆ ಹೋದ ಆ ತಾಯಿಯನ್ನು, ಒಬ್ಬಟ್ಟು ತಿಂದು ಅಪ್ಪನ ಕೈ ಎಂದು ಹೊಗಳಿದ ಆ ಮುದುಕರನ್ನು. ಮಾಲೂರಿನ ಡಾಕ್ಟರಿಗೆ ಈ ಸುದ್ದಿ ಹೇಳಲು ನನಗೆ ಬಹಳ ತಿಂಗಳು ಧೈರ್ಯ ಬರಲಿಲ್ಲ. ಹೇಳಿದಾಗ ಅವರು ಬೀರುವಿನ ಬಾಗಿಲು ಹಾಕಿದರು.

ಕೋರ್ಟಿನಲ್ಲಿ ಇಬ್ಬರು ಸಹಿ ಮಾಡಿದ ಕಾಗದ ಬಂದರೆ ನಾವು ವಕೀಲರು ಸಂತೋಷಪಡುತ್ತೇವೆ. ರಾಜಿಯಾಯಿತು ಎಂದು ಫೈಲು ಕಟ್ಟುತ್ತೇವೆ. ಒಪ್ಪಿಗೆ ಬೇರೆ, ರಾಜಿ ಬೇರೆ ಎಂದು ನನಗೆ ಕಲಿಸಿದ್ದು ಬಟ್ಲರ್ ಮನೆಯ ದಾವೆ. ಇನ್ನೊಬ್ಬನಿಗೆ ಸಿಗಬಾರದು ಎಂಬ ಒಂದೇ ಕಾರಣಕ್ಕೂ ಇಬ್ಬರು ಮನಸಾರೆ ಒಪ್ಪಬಹುದು. ಅಲ್ಲಿಂದಾಚೆಗೆ ಯಾವ ದಾವೆಯಲ್ಲೇ ಆಗಲಿ ಎರಡೂ ಕಡೆಯವರು ಲಗುಬಗೆಯಿಂದ ಜಂಟಿ ಮೆಮೊಗೆ ಕೈ ಹಾಕಿದರೆ ನಾನು ಪೆನ್ನು ಮುಚ್ಚಿಡುತ್ತಿದ್ದೆ. ಮನೆಯಲ್ಲಿ ಏನೂ ಬೇಡ ಎಂದು ಕೂತಿರುವವರು ಯಾರು ಎಂದು ಮೊದಲು ವಿಚಾರಿಸುತ್ತಿದ್ದೆ.

ಈಗ ವಕೀಲಿ ಬಿಟ್ಟು ಬಹಳ ವರ್ಷಗಳಾದವು. ಮದುವೆಗಳಿಗೆ ಮಾತ್ರ ಹೋಗುತ್ತಿರುತ್ತೇನೆ. ಒಬ್ಬಟ್ಟಿನ ಮೇಲೆ ಸಕ್ಕರೆ ಹಾಕಲು ಯಾರಾದರೂ ಬಂದರೆ ನನಗೆ ಗೊತ್ತಿಲ್ಲದೆಯೇ ನನ್ನ ಎರಡೂ ಕೈ ಎಲೆಗೆ ಅಡ್ಡ ಬರುತ್ತವೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಭಯ ಎಂದು ನನ್ನ ಮಕ್ಕಳು ಪಕ್ಕದ ಎಲೆಯವರಿಗೆ ಹೇಳುತ್ತಾರೆ. ನಾನೂ ಹೌದೆನ್ನುತ್ತೇನೆ.